ಒಂದು ಜಗಳಕ್ಕೆ ಎಷ್ಟು ಶಿಕ್ಷೆ? ಕಾನೂನು ಸಚಿವರಿಗೆ ಮತ್ತು ಅಭಿಯೋಜನಾ ನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರೇ, ಅಭಿಯೋಜನಾ ಇಲಾಖೆಯ ನಿರ್ದೇಶಕರೇ,

ಭಾರತೀಯ ನ್ಯಾಯ ಸಂಹಿತೆಯ 9ನೇ ಕಲಂನಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ. ಒಬ್ಬ ಇನ್ನೊಬ್ಬನಿಗೆ ಕೋಲಿನಿಂದ 50 ಏಟು ಹೊಡೆಯುತ್ತಾನೆ. ಏಟಿಗೊಂದು ಅಪರಾಧ ಎಂದು ಎಣಿಸಿದರೆ, ಏಟಿಗೆ ಒಂದು ವರ್ಷದಂತೆ ಅವನಿಗೆ 50 ವರ್ಷ ಜೈಲಾಗಬಹುದು. ಹಾಗೆ ಎಣಿಸುವಂತಿಲ್ಲ, ಇಡೀ ಹೊಡೆತಕ್ಕೆ ಒಂದೇ ಶಿಕ್ಷೆ ಎನ್ನುತ್ತದೆ ಕಾನೂನು. ಇದಕ್ಕೂ ಮೊದಲಿದ್ದ 1860ರ ಐಪಿಸಿಯ (ಭಾರತೀಯ ದಂಡ ಸಂಹಿತೆ) 71ನೇ ಕಲಂನಲ್ಲೂ ಇದೇ ಉದಾಹರಣೆ ಇತ್ತು. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದಾಗ ಎಷ್ಟೋ ಕಲಂಗಳು ಬದಲಾದವು. ಇದು ಮಾತ್ರ ಹಾಗೆಯೇ ಉಳಿಯಿತು.

ಅದರ ಕೆಳಗೇ ಇನ್ನೊಂದು ಉದಾಹರಣೆಯೂ ಇದೆ. ಹೊಡೆದಾಟ ಬಿಡಿಸಲು ಮೂರನೆಯವನೊಬ್ಬ ನಡುವೆ ಬರುತ್ತಾನೆ. ಹೊಡೆಯುತ್ತಿದ್ದವನು ಬೇಕೆಂದೇ ಅವನಿಗೂ ಒಂದು ಏಟು ಕೊಡುತ್ತಾನೆ. ಆ ಏಟಿಗೆ ಬೇರೆ ಶಿಕ್ಷೆ ಉಂಟು. ನೊಂದವರು ಇಬ್ಬರಾದರೆ ಅಪರಾಧವೂ ಎರಡು.

ನೂರರವತ್ತು ವರ್ಷಗಳಿಂದ ಇಷ್ಟು ಸ್ಪಷ್ಟವಾಗಿರುವ ಈ ನಿಯಮ ತಾಲ್ಲೂಕು ಕೋರ್ಟಿಗೆ ಬರುವಷ್ಟರಲ್ಲಿ ಎಲ್ಲಿ ಹೋಗುತ್ತದೆ? ತಾಲ್ಲೂಕು ಕೋರ್ಟಿನಲ್ಲಿ ಆರೋಪಿಗಳ ಪರವಾಗಿ ಕೇಸು ನಡೆಸುವ ವಕೀಲ ನಾನು. ಈ ಪ್ರಶ್ನೆಯನ್ನು ನಿಮ್ಮ ಮುಂದಿಡಲೆಂದೇ ಇದನ್ನು ಬರೆಯುತ್ತಿದ್ದೇನೆ. ಕಾನೂನು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಇರುವ ಕಾನೂನು ಮೇಲ್ಮನವಿಯ ತನಕ ಕಾಯದೆ, ಚಾರ್ಜ್‌ಶೀಟಿನ ದಿನವೇ ಕೆಲಸ ಮಾಡಲಿ ಎನ್ನುವುದಷ್ಟೇ ನನ್ನ ಮಾತು.

ಹೊಲದ ಬದುವಿನ ಜಗಳ ಠಾಣೆಗೆ ಬಂದರೆ ದೂರು ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. 'ಅಡ್ಡಗಟ್ಟಿ, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ದೊಣ್ಣೆಯಿಂದ ಹೊಡೆದು, ಜೀವ ಬೆದರಿಕೆ ಹಾಕಿ'. ಮಾತಿಗೊಂದು ಕಲಂ. ಅಡ್ಡಗಟ್ಟಿದ್ದಕ್ಕೆ 126(2), ಬೈದಿದ್ದಕ್ಕೆ 352, ಕೈಯಿಂದ ಹೊಡೆದಿದ್ದಕ್ಕೆ 115(2), ದೊಣ್ಣೆಗೆ 118(1), ಬೆದರಿಕೆಗೆ 351(2). ನಾಲ್ಕು ಜನ ಇದ್ದರೆ ಎಲ್ಲರದ್ದೂ ಒಂದೇ ಉದ್ದೇಶ ಎಂದು ಜೊತೆಗೆ 3(5). ನಿಜಕ್ಕೂ ಬೆದರಿಕೆ ಇತ್ತೋ ಇಲ್ಲವೋ, ಆ ಸಾಲಂತೂ ತಪ್ಪದೆ ಬಂದಿರುತ್ತದೆ. ಜಗಳ ನಡೆದದ್ದು ಐದೇ ನಿಮಿಷ ಇರಬಹುದು.

ಇವುಗಳಲ್ಲಿ ಕೆಲವು ನಿಜವಾಗಿಯೂ ಬೇರೆ ಬೇರೆ ಅಪರಾಧಗಳು. ಹೊಡೆದು ಮುಗಿಸಿದ ಮೇಲೆ 'ಕೇಸು ಕೊಟ್ಟರೆ ಮನೆಗೆ ಬೆಂಕಿ ಇಡ್ತೀನಿ' ಎಂದಿದ್ದರೆ ಆ ಬೆದರಿಕೆ ಏಟಿನೊಳಗೆ ಸೇರುವುದಿಲ್ಲ. ಅದಕ್ಕೆ ಬೇರೆ ಶಿಕ್ಷೆ ಆಗಲಿ, ತಕರಾರಿಲ್ಲ. ಆದರೆ ಒಬ್ಬನೇ ಗಾಯಾಳು, ಒಂದೇ ಹೊಡೆತ. ಅದಕ್ಕೇ 115(2) ಕೂಡ, 118(1) ಕೂಡ, ಮೂಳೆ ಮುರಿದಿದ್ದರೆ 117(2) ಕೂಡ ಎಂದರೆ ಅದು ಏಟುಗಳನ್ನು ಎಣಿಸಿದಂತೆಯೇ ಅಲ್ವಾ? ದೊಡ್ಡ ಕಲಂ ರುಜುವಾತಾದರೆ ಚಿಕ್ಕದು ಅದರಲ್ಲೇ ಸೇರಿಹೋಗಬೇಕು. ಎರಡು ಅಪರಾಧಗಳು ಒಂದೆಯೋ ಬೇರೆಯೋ ಎಂದು ನೋಡುವ ಬಗೆಯನ್ನು ಸುಪ್ರೀಂ ಕೋರ್ಟ್ ಎಸ್.ಎಲ್. ಆಪ್ಟೆ ಪ್ರಕರಣದಲ್ಲೇ ಹೇಳಿದೆ. ಅದು 1961ರ ವರದಿಗಳಲ್ಲಿರುವ ತೀರ್ಪು. ಆರೋಪ ಒಂದೇ ಥರ ಕಾಣುತ್ತದೋ ಇಲ್ಲವೋ ಎಂಬುದು ಮುಖ್ಯವಲ್ಲ, ಎರಡೂ ಅಪರಾಧಗಳ ಒಳಗಿನ ಅಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಎಂದಿತು ಕೋರ್ಟು. ಚಾರ್ಜ್‌ಶೀಟನ್ನು ಪರಿಶೀಲಿಸುವ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು) ಈ ಒಂದು ಕೆಲಸ ಮಾಡಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

'ಅಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ, ಹೇಗೂ ಶಿಕ್ಷೆಗಳು ಒಟ್ಟಿಗೆ ಓಡುತ್ತವಲ್ಲ' ಎನ್ನುವವರು ನಮ್ಮ ವಕೀಲರ ಸಂಘದಲ್ಲೂ ಇದ್ದಾರೆ. ಈ ಮಾತಿಗೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳಬೇಕು. ಬಡವರಿಗೆ ಪೆಟ್ಟು ಬೀಳುವುದೇ ಇಲ್ಲಿ.

ಕ್ರಿಮಿನಲ್ ಕೇಸು ನಡೆಸುವ ಬಗೆ ಹೇಳುತ್ತಿದ್ದ ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 31ನೇ ಕಲಂ ಪ್ರಕಾರ, ಒಂದೇ ವಿಚಾರಣೆಯಲ್ಲಿ ಹಲವು ಅಪರಾಧಗಳಿಗೆ ಶಿಕ್ಷೆಯಾದರೆ, ನ್ಯಾಯಾಧೀಶರು ಏನೂ ಹೇಳದಿದ್ದಾಗ ಶಿಕ್ಷೆಗಳು ಒಂದಾದ ಮೇಲೊಂದರಂತೆ ನಡೆಯುತ್ತಿದ್ದವು. ಒಟ್ಟಿಗೆ ನಡೆಯಬೇಕಾದರೆ ತೀರ್ಪಿನಲ್ಲಿ ಹಾಗೆಂದು ಬರೆದಿರಬೇಕಿತ್ತು. ಅದರ ಜಾಗಕ್ಕೆ ಈಗ ಬಂದಿರುವ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 25ನೇ ಕಲಂ ಅದನ್ನು ಬದಲಿಸಿದೆ. ಅಪರಾಧ ಎಷ್ಟು ಗಂಭೀರ ಎಂದು ನೋಡಿ, ಶಿಕ್ಷೆಗಳು ಒಟ್ಟಿಗೋ ಒಂದಾದ ಮೇಲೊಂದೋ ಎಂದು ಕೋರ್ಟೇ ಆದೇಶ ಮಾಡಬೇಕು. ಇದು ಒಳ್ಳೆಯ ಬದಲಾವಣೆ, ಮನಸಾರೆ ಒಪ್ಪುತ್ತೇನೆ. ಆದರೆ ಹೊಸ ಕಾನೂನು ಬಂದ ದಿನ ನಡೆಯುತ್ತಿದ್ದ ವಿಚಾರಣೆಗಳು ಹಳೆಯ ಸಿಆರ್‌ಪಿಸಿಯಲ್ಲೇ ಮುಂದುವರಿಯುತ್ತವೆ. ನಮ್ಮ ಕೋರ್ಟುಗಳ ಬಾಕಿ ನೋಡಿದರೆ ಇನ್ನೂ ಹಲವು ವರ್ಷ ಎರಡೂ ಕಾನೂನು ಒಂದೇ ಮೇಜಿನ ಮೇಲಿರುತ್ತವೆ. ಒಂದು ಸಾಲು ಬಿಟ್ಟುಹೋದರೆ ಒಬ್ಬ ಮನುಷ್ಯನ ವರ್ಷಗಳೇ ಹೋಗುತ್ತವೆ.

ಇದು ಉತ್ಪ್ರೇಕ್ಷೆ ಅನಿಸಿದರೆ ಉತ್ತರ ಪ್ರದೇಶದ ಹಾಪುರದ ಪ್ರಕರಣ ನೋಡಿ. ವಿದ್ಯುತ್ ಸಾಮಗ್ರಿ ಕದ್ದ 9 ಕೇಸುಗಳಲ್ಲಿ ಒಬ್ಬ ತಪ್ಪೊಪ್ಪಿಕೊಂಡ. ಪ್ರತಿ ಕೇಸಿಗೂ 2 ವರ್ಷ ಶಿಕ್ಷೆಯಾಯಿತು. ಒಟ್ಟಿಗೆ ನಡೆಯಲಿ ಎಂಬ ಮಾತು ಆದೇಶದಲ್ಲಿ ಇರಲಿಲ್ಲ. ಜೈಲಿನವರು ಕೂಡಿಸಿ 18 ವರ್ಷ ಎಂದು ಲೆಕ್ಕ ಹಾಕಿದರು. ಹೈಕೋರ್ಟ್ ಕೈ ಹಾಕಲಿಲ್ಲ. 2022ರ ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ, ಶಿಕ್ಷೆಗಳೆಲ್ಲ ಒಟ್ಟಿಗೆ ನಡೆಯಬೇಕೆಂದು ಆದೇಶ ಮಾಡಿತು. ಅವು ಬೇರೆ ಬೇರೆ ಕೇಸುಗಳು, ಒಂದೇ ಘಟನೆ ಅಲ್ಲ, ನಿಜ. ಬೇರೆ ಬೇರೆ ಕೇಸುಗಳಲ್ಲೇ ಇಷ್ಟು ಅನ್ಯಾಯವಾಗಬಹುದಾದರೆ, ಒಂದೇ ಘಟನೆಯನ್ನು ತುಂಡು ಮಾಡಿದಾಗ ಎಷ್ಟಾಗಬಹುದು ಯೋಚಿಸಿ.

ಇನ್ನು ದಂಡದ ವಿಷಯ. ಜೈಲು ಒಟ್ಟಿಗೆ ಓಡಬಹುದು, ದಂಡ ಓಡುವುದಿಲ್ಲ. ಐದು ಕಲಂಗಳಿಗೂ ಒಂದೊಂದು ದಂಡ ಹಾಕಿದರೆ ಐದನ್ನೂ ಕಟ್ಟಬೇಕು. ಕಟ್ಟದಿದ್ದರೆ ಪ್ರತಿಯೊಂದಕ್ಕೂ ಬೇರೆ ಜೈಲು. ಆ ಜೈಲು ಉಳಿದ ಶಿಕ್ಷೆಯ ಜೊತೆ ಸೇರಿಕೊಳ್ಳುವುದೂ ಇಲ್ಲ. ಮೂಲ ಶಿಕ್ಷೆಯ ಮೇಲೆ ಹೆಚ್ಚುವರಿಯಾಗಿ ಅನುಭವಿಸಬೇಕು ಎಂದು ಕಾನೂನೇ ಹೇಳುತ್ತದೆ. ಹೀಗೆ ಇಟ್ಟುಕೊಳ್ಳಿ: ಆರು ತಿಂಗಳ ಶಿಕ್ಷೆ, ಎಲ್ಲ ಕಲಂಗಳದ್ದೂ ಒಟ್ಟಿಗೆ. ಜೊತೆಗೆ ಐದು ಕಲಂಗಳಿಗೆ ತಲಾ 2,000 ರೂಪಾಯಿ ದಂಡ, ಕಟ್ಟದಿದ್ದರೆ ತಲಾ ಒಂದು ತಿಂಗಳು. ಕೈಯಲ್ಲಿ 10,000 ರೂಪಾಯಿ ಇದ್ದವನು ಆರು ತಿಂಗಳಿಗೆ ಹೊರಗೆ ಬರುತ್ತಾನೆ. ಇಲ್ಲದವನು ಹನ್ನೊಂದು ತಿಂಗಳು ಇರುತ್ತಾನೆ. ಇಬ್ಬರೂ ಮಾಡಿದ್ದು ಒಂದೇ ತಪ್ಪು. ಶಿಕ್ಷೆಗಳು ಒಟ್ಟಿಗೆ ಓಡುತ್ತವೆ ಎನ್ನುವ ಸಮಾಧಾನ ಈ ಎರಡನೆಯವನಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಅವನಿಗೆ ಬೇಕಿದ್ದದ್ದು 9ನೇ ಕಲಂ. ಒಳಗೆ ಸೇರಿಹೋಗುವ ಅಪರಾಧಕ್ಕೆ ಪ್ರತ್ಯೇಕ ದಂಡವನ್ನೇ ಹಾಕಬಾರದಿತ್ತು.

ಮೂರನೆಯದು, ದಾಖಲೆ. 9ನೇ ಕಲಂ ತಡೆಯುವುದು ಶಿಕ್ಷೆಯನ್ನು. ತೀರ್ಪಿನ ಹಾಳೆಯಲ್ಲಿ 'ಇಂತಿಂಥ ಐದು ಕಲಂಗಳಡಿ ಅಪರಾಧಿ' ಎಂಬ ಸಾಲು ಹಾಗೇ ಉಳಿಯಬಹುದು. ನಾಳೆ ಅವನು ಕೆಲಸಕ್ಕೆ ಅರ್ಜಿ ಹಾಕಿದಾಗ ಪೊಲೀಸ್ ಪರಿಶೀಲನೆಯಲ್ಲಿ ಬರುವುದು ಆ ಸಾಲು. ಅದನ್ನು ಓದುವವರಿಗೆ ಐದು ನಿಮಿಷದ ಬದುವಿನ ಜಗಳ ಕಾಣುವುದಿಲ್ಲ, ಐದು ಅಪರಾಧ ಮಾಡಿದವನು ಕಾಣುತ್ತಾನೆ.

ರಸ್ತೆ ಅಪಘಾತದ ಕೇಸುಗಳಲ್ಲೂ ಇದೇ ಕಥೆ. ಹಿಂದೆ ಐಪಿಸಿಯ 279, 337, 338, 304(ಎ) ಎಂದು ಒಂದೇ ಉಸಿರಿನಲ್ಲಿ ಬರೆಯುತ್ತಿದ್ದರು. ಈಗ ಅಡ್ಡಾದಿಡ್ಡಿ ಓಡಿಸಿದ್ದಕ್ಕೆ 281, ಗಾಯಕ್ಕೆ 125(ಎ), ತೀವ್ರ ಗಾಯಕ್ಕೆ 125(ಬಿ), ಸಾವಿಗೆ 106(1). ಅಡ್ಡಾದಿಡ್ಡಿ ಓಡಿಸಿದ್ದರಿಂದಲೇ ಒಬ್ಬ ಸತ್ತ ಎಂದು 106(1)ರಡಿ ತೀರ್ಮಾನವಾದ ಮೇಲೆ, ಅದೇ ಅಡ್ಡಾದಿಡ್ಡಿ ಓಡಿಸಿದ್ದಕ್ಕೆ 281ರಲ್ಲಿ ಮತ್ತೊಂದು ಶಿಕ್ಷೆ ಯಾಕೆ? ಚಿಕ್ಕದು ದೊಡ್ಡದರಲ್ಲಿ ಸೇರಿಹೋಗುತ್ತದೆ ಎಂದು ಹೈಕೋರ್ಟ್‌ಗಳು ಎಷ್ಟೋ ಸಲ ಹೇಳಿವೆ. ಆದರೂ ಕೆಳಗಿನ ಕೋರ್ಟುಗಳಲ್ಲಿ ಎರಡಕ್ಕೂ ಶಿಕ್ಷೆಯಾಗುತ್ತದೆ, ಮೇಲೆ ಹೋದವನಿಗೆ ಒಂದು ತೆಗೆದುಹಾಕಿಸಿಕೊಳ್ಳಲು ಆಗುತ್ತದೆ. ಹೋಗಲಾರದ ಚಾಲಕ ಎರಡನ್ನೂ ಅನುಭವಿಸುತ್ತಾನೆ. ಅಪಘಾತದಲ್ಲಿ ಬೇರೆ ಪ್ರಯಾಣಿಕರಿಗೂ ಗಾಯವಾಗಿದ್ದರೆ ಅದು ಬೇರೆ ಮಾತು. ಅವರ ನೋವು ಸತ್ತವರ ಲೆಕ್ಕದಲ್ಲಿ ಮುಚ್ಚಿಹೋಗಬಾರದು. ಅದಕ್ಕೆ 125 ಇದೆ.

ಸಚಿವರೇ, ಇಷ್ಟು ಹೊತ್ತೂ ಒಂದೇ ವಿಚಾರಣೆಯೊಳಗಿನ ಮಾತಾಡಿದೆ. ಇನ್ನು ಎರಡೆರಡು ಸಲ ಕೋರ್ಟು ಹತ್ತಿಸುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಮ್ಮ ಸರ್ಕಾರದ ಕೈಯಲ್ಲೇ ಒಂದು ಅಧಿಕಾರವಿದೆ.

ಸಂವಿಧಾನದ 20(2)ನೇ ವಿಧಿ, ಒಂದೇ ಅಪರಾಧಕ್ಕೆ ಒಬ್ಬರನ್ನು ಒಂದಕ್ಕಿಂತ ಹೆಚ್ಚು ಸಲ ವಿಚಾರಣೆಗೆ ಒಳಪಡಿಸಿ ಶಿಕ್ಷಿಸುವಂತಿಲ್ಲ ಎನ್ನುತ್ತದೆ. ಡಬಲ್ ಜೆಪರ್ಡಿ ಎಂದು ಎಲ್ಲರೂ ಹೇಳುವುದು ಇದನ್ನೇ. ಓದಲು ದೊಡ್ಡ ರಕ್ಷಣೆ, ಬಳಕೆಯಲ್ಲಿ ಕಿರಿದು. 1949ರಲ್ಲಿ ಜೆದ್ದಾದಿಂದ ಮುಂಬೈಗೆ ಬಂದಿಳಿದ ಪ್ರಯಾಣಿಕನೊಬ್ಬ ತಂದಿದ್ದ ಚಿನ್ನವನ್ನು ಕಸ್ಟಮ್ಸ್‌ನವರು ಮುಟ್ಟುಗೋಲು ಹಾಕಿಕೊಂಡರು. ಆಮೇಲೆ ಅದೇ ಚಿನ್ನಕ್ಕಾಗಿ ವಿದೇಶಿ ವಿನಿಮಯ ಕಾಯ್ದೆಯಡಿ ಕೇಸು ಹಾಕಿದರು. ಇದು ಎರಡನೇ ಶಿಕ್ಷೆ ಎಂದು ಅವನು ವಾದಿಸಿದ. ಕಸ್ಟಮ್ಸ್ ಅಧಿಕಾರಿ ನ್ಯಾಯಾಲಯವಲ್ಲ, ಆದ್ದರಿಂದ ಮೊದಲನೆಯದು ವಿಚಾರಣೆಯೂ ಅಲ್ಲ ಶಿಕ್ಷೆಯೂ ಅಲ್ಲ ಎಂದು 1953ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಇಂದಿಗೂ ನಿಂತಿದೆ.

ಇದಕ್ಕಿಂತ ಅಗಲವಾದದ್ದು ಹಳೆಯ ಸಿಆರ್‌ಪಿಸಿಯ 300ನೇ ಕಲಂ, ಈಗಿನ ಬಿಎನ್‌ಎಸ್‌ಎಸ್ 337. ಸಂವಿಧಾನದ ವಿಧಿ ಶಿಕ್ಷೆಯಾದವನನ್ನು ಮಾತ್ರ ಕಾಯುತ್ತದೆ. ಇದು ಖುಲಾಸೆಯಾದವನನ್ನೂ ಕಾಯುತ್ತದೆ. ಅಷ್ಟೇ ಅಲ್ಲ, ಅದೇ ಸಂಗತಿಗಳ ಮೇಲೆ ಮೊದಲ ವಿಚಾರಣೆಯಲ್ಲೇ ಹೊರಿಸಬಹುದಾಗಿದ್ದ ಇನ್ನೊಂದು ಆರೋಪವನ್ನು ಆಮೇಲೆ ಹೊಸ ಕೇಸು ಮಾಡಿ ತರದಂತೆಯೂ ತಡೆಯುತ್ತದೆ. 2022ರ ಡಿಸೆಂಬರ್‌ನಲ್ಲಿ ಕೇರಳದ ಒಬ್ಬ ಕೃಷಿ ಅಧಿಕಾರಿಯ ಪ್ರಕರಣದಲ್ಲಿ ಇದು ಚೆನ್ನಾಗಿ ಬೆಳಕಿಗೆ ಬಂತು. ಒಂದೇ ಹುದ್ದೆಯಲ್ಲಿದ್ದಾಗ ಹಣ ದುರುಪಯೋಗ ಮಾಡಿದ ಆರೋಪದಲ್ಲಿ ಅವರಿಗೆ ಮೊದಲೇ ಶಿಕ್ಷೆಯಾಗಿತ್ತು. ಆಮೇಲೆ ಅದೇ ಅವಧಿಯ ಬೇರೆ ಮೊತ್ತಗಳನ್ನು ಹಿಡಿದು ಮತ್ತೆ ಕೇಸು ನಡೆಸಿದರು. ಅದು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಆ ಶಿಕ್ಷೆಗಳನ್ನು ರದ್ದು ಮಾಡಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಇಬ್ಬರೂ ನಮ್ಮ ಹೈಕೋರ್ಟಿನಿಂದ ಹೋದವರು. ಅವರು ಬರೆದದ್ದು ನಮ್ಮ ತಾಲ್ಲೂಕುಗಳಿಗೆ ಇಳಿಯದಿದ್ದರೆ ಹೇಗೆ?

337ರ ಎರಡನೇ ಉಪಕಲಂನಲ್ಲಿ ಒಂದು ಬಾಗಿಲಿದೆ. ಮೊದಲ ವಿಚಾರಣೆಯಲ್ಲೇ ಬೇರೆ ಆರೋಪವಾಗಿ ಸೇರಿಸಬಹುದಾಗಿದ್ದ ಪ್ರತ್ಯೇಕ ಅಪರಾಧಕ್ಕೆ ಆಮೇಲೆ ವಿಚಾರಣೆ ನಡೆಸಬೇಕಾದರೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಆ ಒಪ್ಪಿಗೆ ಬರೀ ಸೀಲು ಹೊಡೆಯುವ ಕೆಲಸ ಆಗಬಾರದು. ಮೊದಲ ಸಲವೇ ಯಾಕೆ ಸೇರಿಸಲಿಲ್ಲ, ಹೊಸದಾಗಿ ಏನು ಸಿಕ್ಕಿತು, ಆರೋಪಿ ಈಗಾಗಲೇ ಎಷ್ಟು ಅನುಭವಿಸಿದ್ದಾನೆ ಎಂದು ಕಾರಣ ಬರೆದು ಕೊಡಿ. ಆ ಕಾರಣದ ಪ್ರತಿ ಆರೋಪಿಗೂ ಸಿಗಲಿ.

ಒಂದೇ ಕೆಲಸ ಎರಡು ಕಾಯ್ದೆಗಳಡಿ ಬಂದಾಗ ಗೊಂದಲ ಇನ್ನೂ ಜಾಸ್ತಿ. ಮರಳು ಲಾರಿಯನ್ನೇ ನೋಡಿ. ಅನುಮತಿ ಇಲ್ಲದೆ ಹೊಳೆಯ ಮರಳು ತೆಗೆದರೆ ಗಣಿ ಮತ್ತು ಖನಿಜ ಕಾಯ್ದೆಯಡಿಯೂ ಅಪರಾಧ, ಸರ್ಕಾರದ ಸೊತ್ತು ಕದ್ದದ್ದಕ್ಕೆ ಕಳವೂ ಹೌದು. ಎರಡರ ಅಂಶಗಳು ಬೇರೆ, ಆದ್ದರಿಂದ ಎರಡೂ ಕೇಸು ನಡೆಯಬಹುದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಳೆಗಳ ಸ್ಥಿತಿ ನೋಡಿದರೆ ಆ ತೀರ್ಪಿನ ಕಾಳಜಿ ಅರ್ಥವಾಗುತ್ತದೆ. ಆದರೆ ನಮ್ಮ ಕೋರ್ಟಿನ ಕಟಕಟೆಯಲ್ಲಿ ಜಾಸ್ತಿ ನಿಲ್ಲುವುದು ಲಾರಿಯ ಚಾಲಕ. ಮರಳಿನ ದುಡ್ಡು ತಿಂದವನು ಅಲ್ಲಿರುವುದೇ ಕಡಿಮೆ. ಎರಡು ಕೇಸು ನಡೆಯಬಹುದು ಎಂದ ಮಾತ್ರಕ್ಕೆ ಎರಡು ಪೂರ್ತಿ ಶಿಕ್ಷೆಗಳನ್ನು ಬೆನ್ನುಬೆನ್ನಿಗೆ ಕೇಳಲೇಬೇಕೆಂದು ಎಲ್ಲೂ ಇಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 26ನೇ ಕಲಂ ಕೂಡ ಇದನ್ನೇ ಹೇಳುತ್ತದೆ. ಎರಡರಲ್ಲಿ ಯಾವ ಕಾಯ್ದೆಯಲ್ಲಾದರೂ ಕೇಸು ನಡೆಸಿ, ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷಿಸಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ ಮಾಡಿದವರು ಈ ಗೊಂದಲಕ್ಕೆ ಜಾಗವನ್ನೇ ಇಡಲಿಲ್ಲ. ಅದರ 42ನೇ ಕಲಂ ಪ್ರಕಾರ ಒಂದೇ ಕೃತ್ಯ ಎರಡು ಕಾನೂನುಗಳಡಿ ಬಂದರೆ, ಯಾವುದರಲ್ಲಿ ಶಿಕ್ಷೆ ಹೆಚ್ಚೋ ಅದರಡಿ ಮಾತ್ರ ಶಿಕ್ಷೆ. ಮಗುವಿಗೆ ನ್ಯಾಯವೂ ಸಿಕ್ಕಿತು, ಲೆಕ್ಕವೂ ಸರಿಯಾಯಿತು.

ಎಫ್‌ಐಆರ್ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಕಾನೂನು ಅಲ್ಲಿ ಆಗಲೇ ಗಟ್ಟಿಯಾಗಿದೆ. 1994ರಲ್ಲಿ ಕೇರಳದ ಕೂತುಪರಂಬದಲ್ಲಿ ನಡೆದ ಗೋಲಿಬಾರಿನ ಬಗ್ಗೆ ವರ್ಷಗಳ ನಂತರ ಹೊಸ ಎಫ್‌ಐಆರ್ ಹಾಕಿದಾಗ, ಒಂದೇ ಘಟನೆಗೆ ಎರಡನೇ ಎಫ್‌ಐಆರ್ ಇಲ್ಲ ಎಂದು 2001ರಲ್ಲಿ ಟಿ.ಟಿ. ಆಂಟನಿ ತೀರ್ಪು ಹೇಳಿತು. ಹೊಸ ಸಾಕ್ಷ್ಯ ಸಿಕ್ಕರೆ ಅದೇ ಕೇಸಿನಲ್ಲಿ ಮುಂದಿನ ತನಿಖೆ ಮಾಡಿ. ಎದುರು ಪಾರ್ಟಿಯ ಕೌಂಟರ್ ಕೇಸ್ ಬೇರೆ, ಅದಕ್ಕೆ ಅವಕಾಶವಿದೆ. 2020ರ ದೆಹಲಿ ಗಲಭೆಯಲ್ಲಿ ಒಂದೇ ಆವರಣದ ಮನೆಗಳಿಗೆ ಬೆಂಕಿ ಬಿದ್ದದ್ದಕ್ಕೆ ಐದು ಎಫ್‌ಐಆರ್ ಹಾಕಿದ್ದರು. ದೆಹಲಿ ಹೈಕೋರ್ಟ್ 2021ರಲ್ಲಿ ಒಂದನ್ನು ಉಳಿಸಿ ನಾಲ್ಕನ್ನು ರದ್ದು ಮಾಡಿತು. ಪತ್ರಕರ್ತ ಅರ್ನಬ್ ಗೋಸ್ವಾಮಿಯವರ ಒಂದು ಕಾರ್ಯಕ್ರಮಕ್ಕೆ ಹಲವು ರಾಜ್ಯಗಳಲ್ಲಿ ಬಿದ್ದ ಕೇಸುಗಳಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಒಂದನ್ನು ಮಾತ್ರ ಉಳಿಸಿತು. 2022ರಲ್ಲಿ ಫ್ಯಾಕ್ಟ್‌ಚೆಕ್ ಪತ್ರಕರ್ತ ಮೊಹಮ್ಮದ್ ಜುಬೇರ್ ಅವರ ಮೇಲೆ ಉತ್ತರ ಪ್ರದೇಶದಲ್ಲಿದ್ದ ಎಫ್‌ಐಆರ್‌ಗಳನ್ನು ದೆಹಲಿಗೆ ಸೇರಿಸಿತು. ಇಬ್ಬರ ನಿಲುವು ಏನೇ ಇರಲಿ, ಇಬ್ಬರಿಗೂ ಸಿಕ್ಕಿದ್ದು ಸರಿಯಾದ ಪರಿಹಾರ. ಆದರೆ ಅದು ದೆಹಲಿಯ ತನಕ ಹೋಗಬಲ್ಲವರಿಗೆ ಸಿಗುವ ಪರಿಹಾರ. ಎರಡು ಠಾಣೆಗಳಲ್ಲಿ ಎರಡು ಕೇಸು ಬಿದ್ದಿರುವ ಕೂಲಿಯಾಳು ಒಂದೇ ದಿನ ಎರಡು ಊರಿನ ಕೋರ್ಟಿಗೆ ಹಾಜರಾಗಲಾರದೆ ಒಂದು ಕಡೆ ವಾರಂಟ್ ಹೊರಡಿಸಿಕೊಳ್ಳುತ್ತಾನೆ.

ಇದನ್ನು ಓದುವ ನೊಂದವರು, ಮುಖ್ಯವಾಗಿ ದಲಿತ ಸಮುದಾಯದವರು, ಈ ವಕೀಲ ಅಪರಾಧಿಗಳ ಹೊರೆ ಇಳಿಸಲು ಹೊರಟಿದ್ದಾನೆ ಎಂದುಕೊಳ್ಳಬಹುದು. ಅವರಿಗೆ ನೇರವಾಗಿ ಹೇಳುತ್ತೇನೆ. ಜಾತಿ ಹಿಡಿದು ಬೈದು ಹೊಡೆದರೆ ಅಲ್ಲಿ ಮೈಗೆ ಆದ ಗಾಯ ಒಂದು, ಮಾನಕ್ಕೆ ಆದ ಗಾಯ ಇನ್ನೊಂದು. ದೌರ್ಜನ್ಯ ತಡೆ ಕಾಯ್ದೆಯ ಕಲಂ ಹೊಡೆತದ ಕಲಂನಲ್ಲಿ ಸೇರಿಹೋಗುವುದಿಲ್ಲ, ಸೇರಿಹೋಗಲೂಬಾರದು. ಅದನ್ನು 'ಒಂದೇ ಘಟನೆ' ಎಂಬ ಹೆಸರಿನಲ್ಲಿ ಕೈಬಿಡಲು ಯಾರಾದರೂ ನೋಡಿದರೆ ನಾನು ಅವರ ಎದುರು ನಿಲ್ಲುತ್ತೇನೆ. ನಾನು ಹೇಳುತ್ತಿರುವುದು ಒಂದೇ ಗಾಯಕ್ಕೆ ಮೂರು ಹೆಸರಿಟ್ಟು ಮೂರು ಸಲ ಶಿಕ್ಷಿಸುವುದರ ಬಗ್ಗೆ. ಅದರಿಂದ ನೊಂದವರಿಗೂ ಲಾಭವಿಲ್ಲ. ಕಲಂಗಳ ರಾಶಿಯಲ್ಲಿ ರುಜುವಾತಾಗದ ನಾಲ್ಕು ಬಿದ್ದಾಗ, ರುಜುವಾತಾಗಬೇಕಿದ್ದ ಒಂದರ ಮೇಲೂ ಅನುಮಾನ ಬರುತ್ತದೆ. ಮೊದಲಿನಿಂದ ಸರಿಯಾದ ಎರಡು ಕಲಂ ಹಾಕಿ ಗಟ್ಟಿಯಾಗಿ ಸಾಬೀತು ಮಾಡಿದ್ದರೆ ಅವರಿಗೇ ನ್ಯಾಯ ಬೇಗ ಸಿಗುತ್ತಿತ್ತು.

ನಿರ್ದೇಶಕರೇ, ನಿಮ್ಮಿಂದ ಒಂದು ಸುತ್ತೋಲೆ ಬೇಕು. ಚಾರ್ಜ್‌ಶೀಟು ನೋಡುವ ಎಪಿಪಿಗಳು ಪ್ರತಿ ಕಲಂ ಎದುರು, ಇದು ಯಾರಿಗಾದ ಯಾವ ಹಾನಿಗೆ ಎಂದು ಒಂದೊಂದು ಸಾಲು ಬರೆಯಲಿ. ಒಂದೇ ಹಾನಿಗೆ ಎರಡು ಕಲಂ ಬಂದಿದ್ದರೆ ಒಂದನ್ನು ಪರ್ಯಾಯ ಎಂದು ತೋರಿಸಲಿ. ಯಾವುದು ಸಾಬೀತಾಗುತ್ತದೋ ಎಂಬ ಅನುಮಾನವಿದ್ದಾಗ ಪರ್ಯಾಯ ಆರೋಪ ಹೊರಿಸಲು ಬಿಎನ್‌ಎಸ್‌ಎಸ್ 244 ದಾರಿ ಕೊಟ್ಟೇ ಇದೆ. ಶಿಕ್ಷೆಯ ಪ್ರಮಾಣದ ಮೇಲೆ ವಾದ ಮಾಡುವ ದಿನ ಸರ್ಕಾರದ ಪರವಾಗಿಯೇ ನಾಲ್ಕು ವಿಷಯ ಕೋರ್ಟಿನ ಗಮನಕ್ಕೆ ಬರಲಿ: 9ನೇ ಕಲಂ, ಶಿಕ್ಷೆಗಳು ಒಟ್ಟಿಗೋ ಬೇರೆಯೋ, ದಂಡದ ಒಟ್ಟು ಮೊತ್ತ, ಆರೋಪಿ ಜೈಲಿನಲ್ಲಿ ಈಗಾಗಲೇ ಕಳೆದ ದಿನಗಳ ಕಡಿತ. ಇದು ಆರೋಪಿಯ ವಕೀಲರ ಕೆಲಸ ತಾನೇ ಎನ್ನಬೇಡಿ. ಸರ್ಕಾರಿ ಅಭಿಯೋಜಕರು ಕೋರ್ಟಿನ ಅಧಿಕಾರಿಯೂ ಹೌದು.

ಸಚಿವರೇ, ನಿಮ್ಮಿಂದ ಎರಡು ಕೆಲಸ. 337(2)ರ ಒಪ್ಪಿಗೆಗಳನ್ನು ಕಾರಣ ಸಮೇತ ಪ್ರಕಟಿಸುವ ಆದೇಶ ಹೊರಡಿಸಿ. ಇನ್ನೊಂದು, ದಂಡ ಕಟ್ಟಲಾಗದೆ ಮಾತ್ರ ಒಳಗಿರುವ ಕೈದಿಗಳ ಪಟ್ಟಿಯನ್ನು ರಾಜ್ಯದ ಜೈಲುಗಳಿಂದ ತರಿಸಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿಗೆ ಕೊಡಿ. ಅವರಲ್ಲಿ ಎಷ್ಟು ಜನ ಒಂದೇ ಘಟನೆಗೆ ಹಲವು ದಂಡ ಹಾಕಿಸಿಕೊಂಡವರು ಎಂದು ಪ್ಯಾನೆಲ್ ವಕೀಲರು ತೀರ್ಪು ಓದಿ ನೋಡಲಿ, ಅಗತ್ಯವಿದ್ದವರಿಗೆ ಮೇಲ್ಮನವಿ ಹಾಕಲಿ. ನಮ್ಮ ತಾಲ್ಲೂಕಿನ ಪಾಲಿನ ತೀರ್ಪುಗಳನ್ನು ಫೀಸಿಲ್ಲದೆ ಓದಿಕೊಡಲು ನಾನು ಸಿದ್ಧ. ಪಟ್ಟಿ ಬಂದರೆ ಮೇಲ್ಮನವಿಯ ಗಡುವು ಮೀರಿದವರಿಂದಲೇ ಶುರು ಮಾಡೋಣ, ವಿಳಂಬ ಮನ್ನಾ ಅರ್ಜಿಗೆ ತಡವಾದಷ್ಟೂ ಅವರಿಗೇ ಕಷ್ಟ.

ಇಂತಿ,
ತಾಲ್ಲೂಕು ನ್ಯಾಯಾಲಯದ ಒಬ್ಬ ವಕೀಲ